ಊರಿಗೆ ಊರೇ ಮತ ಮಾರಿಕೊಂಡಾಗ

ಬ್ರಿಟನ್ನಿನ ಚುನಾವಣಾ ಸುಧಾರಣೆ ಎಂದೊಡನೆ ನೆನಪಾಗುವುದು 1832ರ ಕಾಯ್ದೆ. ಅದರಿಂದ 56 ಪಟ್ಟಣಗಳು ಸಂಸತ್ತಿನ ಪ್ರಾತಿನಿಧ್ಯವನ್ನು ಸಂಪೂರ್ಣವಾಗಿ ಕಳೆದುಕೊಂಡದ್ದು ನಿಜವಾದರೂ, ಅದಕ್ಕೆ ಕಾರಣ ಅವು ತೀರಾ ಚಿಕ್ಕವಾಗಿದ್ದುದೇ ಹೊರತು ಲಂಚವಲ್ಲ. ಲಂಚಕ್ಕಾಗಿಯೇ ಕ್ಷೇತ್ರವನ್ನು ದಂಡಿಸುವ ಪದ್ಧತಿ ಅದಕ್ಕಿಂತ ಆರು ದಶಕ ಹಳೆಯದು.

ಸಸೆಕ್ಸ್ ಕರಾವಳಿಯ ನ್ಯೂ ಶೋರ್‌ಹ್ಯಾಂ ಎಂಬ ಪುಟ್ಟ ಬಂದರಿನಲ್ಲಿ ಬಹುಪಾಲು ಮತದಾರರು 'ಕ್ರಿಶ್ಚಿಯನ್ ಕ್ಲಬ್' ಎಂಬ ಸಂಘಕ್ಕೆ ಸೇರಿದ್ದರು. ಹೊರಗೆ ದಾನಧರ್ಮದ ಹೆಸರು. ಒಳಗೆ, ಗುಟ್ಟು ಬಿಡುವುದಿಲ್ಲವೆಂದು ಪ್ರಮಾಣ ಮಾಡಿ, ಮುಚ್ಚಳಿಕೆ ಬರೆದುಕೊಟ್ಟು, ಹೆಚ್ಚು ಹಣ ಕೊಟ್ಟ ಅಭ್ಯರ್ಥಿಗೆ ಎಲ್ಲರ ಮತವನ್ನೂ ಸಗಟಾಗಿ ಮಾರುವ ಏರ್ಪಾಡು. 1770ರ ಉಪಚುನಾವಣೆಯಲ್ಲಿ ಹೆಚ್ಚು ಮತ ಬಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಸಿರಿವಂತರಾಗಿ ಮರಳಿದ್ದ ಥಾಮಸ್ ರಂಬೋಲ್ಡ್ ಅವರಿಗೆ. (ಮುಂದೆ ಮದ್ರಾಸಿನ ಗವರ್ನರ್ ಆದವರು ಇವರೇ, ಇವರು ಹುದ್ದೆ ಬಿಟ್ಟ ಕೆಲವೇ ತಿಂಗಳಲ್ಲಿ ಹೈದರಾಲಿ ಆರ್ಕಾಟಿನ ಸೀಮೆಗೆ ನುಗ್ಗಿದ.) ಆದರೆ ಹಿಂದೊಮ್ಮೆ ಅದೇ ಕ್ಲಬ್ಬಿನಲ್ಲಿದ್ದು ಒಳಗುಟ್ಟು ಬಲ್ಲ ಚುನಾವಣಾಧಿಕಾರಿ, ಆ ಮತಗಳಲ್ಲಿ ಬಹುಪಾಲನ್ನು ತಿರಸ್ಕರಿಸಿ, ಕಡಿಮೆ ಮತ ಪಡೆದವರನ್ನೇ ವಿಜಯಿ ಎಂದು ಘೋಷಿಸಿದರು. ವ್ಯವಹಾರ ಬಯಲಾದದ್ದು ಹೀಗೆ; ಆದರೂ ಸದನ ಆ ಅಧಿಕಾರಿಗೇ ಛೀಮಾರಿ ಹಾಕಿತು. 1771ರ ಕಾಯ್ದೆಯು ಕ್ಲಬ್ಬಿನ ಸದಸ್ಯರ ಹೆಸರುಗಳನ್ನು ಒಂದೊಂದಾಗಿ ಪಟ್ಟಿಮಾಡಿ ಅವರ ಮತದಾನದ ಹಕ್ಕನ್ನು ಕಿತ್ತುಕೊಂಡಿತಲ್ಲದೆ, ಸುತ್ತಲಿನ ಗ್ರಾಮಾಂತರ ಪ್ರದೇಶವನ್ನೂ ಕ್ಷೇತ್ರಕ್ಕೆ ಸೇರಿಸಿತು.

ಕ್ಷೇತ್ರವನ್ನೇ ಅಳಿಸಿಹಾಕಿದ್ದು 1821ರಲ್ಲಿ, ಕಾರ್ನ್‌ವಾಲಿನ ಗ್ರಾಂಪೌಂಡಿನಲ್ಲಿ. ಅದರ ಎರಡು ಸ್ಥಾನಗಳು ಕೈಗಾರಿಕಾ ನಗರವಾದ ಲೀಡ್ಸ್‌ಗೆ ಸಿಗಲೆಂದು ಸುಧಾರಣೆಯ ಪರವಾಗಿದ್ದ ಸಂಸದ ಲಾರ್ಡ್ ಜಾನ್ ರಸೆಲ್ ಬಯಸಿದ್ದರೆ, ಮೇಲ್ಮನೆ ಅವನ್ನು ಯಾರ್ಕ್‌ಷೈರ್ ಕೌಂಟಿಗೆ ಕೊಟ್ಟಿತು. ಗ್ರಾಂಪೌಂಡಿನ ಲಂಚದ ಪ್ರಕರಣದಲ್ಲಿ ಜೈಲಿಗೆ ಹೋಗಿದ್ದ ಶ್ರೀಮಂತರೊಬ್ಬರು ಅಷ್ಟರೊಳಗೆ ಬೇರೊಂದು ಕ್ಷೇತ್ರದಿಂದ ಸಂಸತ್ತಿಗೆ ಬಂದೂ ಆಗಿತ್ತು. ಲಂಚಕ್ಕೆ ಸಿಕ್ಕಿಬಿದ್ದ ಇನ್ನೊಂದು ಕ್ಷೇತ್ರ ಈಸ್ಟ್ ರೆಟ್‌ಫರ್ಡ್ ವಿಷಯದಲ್ಲಂತೂ ಲಂಚಕ್ಕಿಂತ, ತೆರವಾಗುವ ಸ್ಥಾನಗಳು ಬರ್ಮಿಂಗ್‌ಹ್ಯಾಂಗೆ ಹೋಗಬೇಕೇ ಎಂಬುದೇ ದೊಡ್ಡ ಜಗಳವಾಗಿ, 1828ರಲ್ಲಿ ಸಚಿವ ಹಸ್ಕಿಸನ್ ಸಂಪುಟದಿಂದಲೇ ಹೊರನಡೆಯಬೇಕಾಯಿತು.

ಮುಂದೆ 1844ರಲ್ಲಿ ಸಡ್‌ಬರಿ, 1852ರಲ್ಲಿ ಸೇಂಟ್ ಆಲ್ಬನ್ಸ್, 1867ರ ಸುಧಾರಣೆಯೊಡನೆ ಇನ್ನೂ ನಾಲ್ಕು ಪಟ್ಟಣಗಳು ಇದೇ ಹಾದಿ ಹಿಡಿದವು. ಮಾರಿದವರೂ ಮಾರದವರೂ ಒಟ್ಟಿಗೆ ಹಕ್ಕು ಕಳೆದುಕೊಳ್ಳುವ, ಕೊಂಡವರಿಗೆ ಮಾತ್ರ ಮತ್ತೊಂದು ಊರು ಉಳಿದಿರುವ ಈ ಶಿಕ್ಷೆ ಲಂಚವನ್ನು ತಡೆಯಲಿಲ್ಲ ಎಂಬುದಕ್ಕೆ ಈ ಸಾಲೇ ಸಾಕ್ಷಿ. 1883ರ ಕಾಯ್ದೆ ಅಭ್ಯರ್ಥಿಯ ವೆಚ್ಚಕ್ಕೆ ಮಿತಿ ಹಾಕಿ, ಅವರ ಏಜೆಂಟರ ಅಕ್ರಮಕ್ಕೂ ಅವರ ಗೆಲುವನ್ನೇ ಪಣಕ್ಕಿಟ್ಟಿತು. ಅದಕ್ಕೂ ಹಿಂದಿನ ಲಂಚಕ್ಕಾಗಿ ಮ್ಯಾಕಲ್ಸ್‌ಫೀಲ್ಡ್ ಮತ್ತು ಸ್ಯಾಂಡ್‌ವಿಚ್ 1885ರಲ್ಲಿ ಪ್ರತ್ಯೇಕ ಸ್ಥಾನ ಕಳೆದುಕೊಂಡವು.

ಭಾರತದ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯೂ ಕ್ಷೇತ್ರವನ್ನು ದಂಡಿಸುವುದಿಲ್ಲ. ಅಪಾರ ನಗದು ಸಿಕ್ಕಿದ್ದಕ್ಕೆ 2019ರಲ್ಲಿ ವೆಲ್ಲೂರು ಲೋಕಸಭಾ ಕ್ಷೇತ್ರದ ಚುನಾವಣೆ ರದ್ದಾದಾಗ, ಅದೇ ವರ್ಷದ ಆಗಸ್ಟಿನಲ್ಲಿ ಅದೇ ಮತದಾರರು ಮತ ಹಾಕಿದರು.