ಎಲಿಜಬೆತ್ ಟಿಲ್ಲಿಯ ತವರು ಸಿಕ್ಕಿದ್ದು ಹೇಗೆ: ವಂಶಾವಳಿ ಕಲಿಯುವವರಿಗೆ ಒಂದು ಟಿಪ್ಪಣಿ

ಹಳೇ ಕಾಲದ ಒಬ್ಬ ಹೆಂಗಸಿನ ವಂಶ ಹುಡುಕೋಕೆ ಹೊರಟರೆ ಮೊದಲು ಕಾಡುವುದು ಅವಳ ತವರಿನ ಹೆಸರು. ಮದುವೆಯಾದ ದಿನದಿಂದ ಗಂಡನ ಮನೆತನದ ಹೆಸರೇ ಎಲ್ಲ ಕಾಗದದಲ್ಲೂ ಬರುತ್ತೆ. ಅವಳ ಅಪ್ಪ ಯಾರು, ಊರು ಯಾವುದು ಅನ್ನೋದು ಎರಡು ತಲೆಮಾರಿನಲ್ಲಿ ಮರೆತುಹೋಗುತ್ತೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮೊದಲ ಹೆಂಗಸರ ವಿಷಯದಲ್ಲಿ ಇದು ಇನ್ನೂ ಕಷ್ಟ. ಅವರಿಗೂ ತವರಿಗೂ ನಡುವೆ ಒಂದು ಸಮುದ್ರವೇ ಇತ್ತಲ್ವಾ! ಈ ಕೆಲಸ ಹೇಗೆ ಮಾಡೋದು ಅಂತ ಕಲಿಯೋಕೆ ಎಲಿಜಬೆತ್ ಟಿಲ್ಲಿಯ ಕತೆಯಷ್ಟು ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ, ಅದಕ್ಕೇ ಅದನ್ನೇ ಹಿಡಿದು ಬರೆಯುತ್ತಿದ್ದೇನೆ.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದ 102 ಪ್ರಯಾಣಿಕರಲ್ಲಿ ಎಲಿಜಬೆತ್ ಒಬ್ಬಳು. ಆಗ ಅವಳಿಗೆ 13 ವರ್ಷ. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಜೊತೆಗಿದ್ದರು. ಅಮೆರಿಕದಲ್ಲಿ ಅವರು ನೆಲೆಸಿದ ಪ್ಲಿಮತ್‌ನಲ್ಲಿ ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು, ಅವಳ ಈ ನಾಲ್ಕೂ ಜನ ಅದರಲ್ಲಿ ಹೋದರು. ಹುಡುಗಿ ಉಳಿದಳು. ಅದೇ ಹಡಗಿನಲ್ಲಿ ಬಂದಿದ್ದ ಜಾನ್ ಹೌಲೆಂಡ್‌ನನ್ನು ಮದುವೆಯಾದಳು. ಈ ಹೌಲೆಂಡ್ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದು, ಹಡಗಿನಿಂದ ನೀರಿಗೆ ಜೋತಾಡುತ್ತಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿ ಬದುಕಿದವನು. ಇಬ್ಬರಿಗೂ 10 ಮಕ್ಕಳು, ಹತ್ತೂ ದೊಡ್ಡವರಾದರು. ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು ಇದೇ ಬಳ್ಳಿಯವರು.

ಇಷ್ಟು ದೊಡ್ಡ ಬಳ್ಳಿ ಇದ್ದರೂ ಬಹಳ ಕಾಲ ಅವಳ ಸ್ವಂತ ಮೊಮ್ಮಕ್ಕಳ ಮಕ್ಕಳೇ ಅವಳ ಅಪ್ಪನ ಹೆಸರನ್ನು ತಪ್ಪು ಹೇಳುತ್ತಿದ್ದರು. ಜಾನ್ ಹೌಲೆಂಡ್ ಮೊದಲು ಜಾನ್ ಕಾರ್ವರ್ ಅನ್ನೋರ ಮನೆಯಲ್ಲಿ ಆಳಾಗಿದ್ದ. ಕಾರ್ವರ್ ಪ್ಲಿಮತ್‌ನ ಮೊದಲ ಗವರ್ನರ್. ಆಳು ಗವರ್ನರ್ ಮಗಳನ್ನೇ ಮದುವೆಯಾದ ಅನ್ನೋ ಮಾತು ಮನೆಯಿಂದ ಮನೆಗೆ ಹೋಗಿ, ಕೊನೆಗೆ ಅಚ್ಚಿಗೂ ಹೋಯಿತು. ಕೇಳೋಕೆ ಚೆನ್ನಾಗಿರುವ ಕತೆ ಯಾರಿಗೂ ಬಿಡೋಕೆ ಮನಸ್ಸು ಬರಲ್ಲ. ನಿಮ್ಮ ಮನೆಯ ಹುಡುಕಾಟದಲ್ಲೂ "ನಮ್ಮ ಮುತ್ತಜ್ಜಿ ದೊಡ್ಡ ಮನೆತನದವರಂತೆ" ಅನ್ನೋ ಮಾತು ಬಂದರೆ ಅದನ್ನು ಬರೆದಿಡಿ, ಆದರೆ ಬೇರೆ ಹಾಳೆಯಲ್ಲಿ. ಅದು ಸುಳಿವು ಮಾತ್ರ, ಪುರಾವೆ ಅಲ್ಲ.

ತಪ್ಪು ತಿದ್ದಿದ್ದು ಒಂದು ಹಸ್ತಪ್ರತಿ. ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತನ್ನ ಕೈಯಾರೆ ಪ್ಲಿಮತ್ ವಸಾಹತಿನ ಕತೆ ಬರೆದಿಟ್ಟಿದ್ದ. ಆ ಪ್ರತಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬಾಸ್ಟನ್ನಿನಿಂದ ಕಾಣೆಯಾಯಿತು. 1855ರಲ್ಲಿ ಅದು ಇರುವುದು ಗೊತ್ತಾಗಿದ್ದು ಇಂಗ್ಲೆಂಡಿನಲ್ಲಿ, ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ. ಮರುವರ್ಷ ಅಚ್ಚಾಯಿತು. ಅದರ ಕೊನೆಯಲ್ಲಿ ಬ್ರಾಡ್‌ಫರ್ಡ್ ಒಂದು ಪಟ್ಟಿ ಕೊಟ್ಟಿದ್ದಾನೆ: ಹಡಗಿನಲ್ಲಿ ಯಾರ ಜೊತೆ ಯಾರು ಬಂದರು, ಮೂವತ್ತು ವರ್ಷ ಕಳೆದ ಮೇಲೆ ಯಾರು ಸತ್ತರು, ಯಾರು ಉಳಿದರು, ಯಾರಿಗೆ ಎಷ್ಟು ಮಕ್ಕಳು. ಅದರಲ್ಲಿ ನೇರವಾಗಿ ಇದೆ: ಜಾನ್ ಟಿಲ್ಲಿ, ಅವನ ಹೆಂಡತಿ ದಡಕ್ಕೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡರು, ಮಗಳು ಎಲಿಜಬೆತ್ ಜಾನ್ ಹೌಲೆಂಡ್‌ನನ್ನು ಮದುವೆಯಾದಳು. ಬ್ರಾಡ್‌ಫರ್ಡ್ ಕೇಳಿದ್ದನ್ನು ಬರೆದವನಲ್ಲ. ಅವನೂ ಅದೇ ಹಡಗಿನಲ್ಲಿ ಬಂದವನು, ಆ ಇಬ್ಬರನ್ನೂ ದಿನಾ ನೋಡುತ್ತಿದ್ದವನು. ಪಕ್ಕದಲ್ಲಿದ್ದವನು ಬರೆದ ಒಂದು ಸಾಲು, ಇನ್ನೂರು ವರ್ಷದ ನಂತರ ಹೇಳಿದ ನೂರು ಸಾಲಿಗಿಂತ ಹೆಚ್ಚು ತೂಕದ್ದು.

ಸರಿ, ಅಪ್ಪನ ಹೆಸರು ಸಿಕ್ಕಿತು. ಊರು? ಅಮ್ಮ? ಇಲ್ಲಿ ನಿಜವಾದ ಕಲಿಕೆ ಶುರುವಾಗುತ್ತೆ.

ಹುಡುಕಾಟ ಯಾವಾಗಲೂ ಕೊನೆಯಿಂದ ಹಿಂದಕ್ಕೆ ಹೋಗಬೇಕು. ಎಲಿಜಬೆತ್‌ಳ ಕೊನೆಯ ದೊಡ್ಡ ದಾಖಲೆ ಅವಳ ಉಯಿಲು. ಗಂಡ 1673ರಲ್ಲಿ ಹೋದ ಮೇಲೆ, ವಯಸ್ಸಾದ ಕಾಲದಲ್ಲಿ ಅವಳು ಸ್ವಾನ್ಸೀ ಊರಿನಲ್ಲಿದ್ದ ಮಗಳು ಲಿಡಿಯಾಳ ಮನೆ ಸೇರಿದಳು. ಅಲ್ಲೇ 1686ರ ಡಿಸೆಂಬರ್ 17ರಂದು ಉಯಿಲು ಬರೆಸಿದಳು. ಅದರ ಮೊದಲ ಸಾಲಲ್ಲೇ ತನಗೆ 79 ವರ್ಷ, ನೆನಪು ಚೆನ್ನಾಗಿದೆ ಅಂತ ಹೇಳಿಸಿದ್ದಾಳೆ. ಈಗ ಪೆನ್ನು ತಗೊಂಡು ಲೆಕ್ಕ ಹಾಕಿ. ಆ ದಿನಕ್ಕೆ 79 ತುಂಬಿತ್ತು, 80 ಆಗಿರಲಿಲ್ಲ ಅಂದರೆ ಹುಟ್ಟಿದ್ದು 1606ರ ಡಿಸೆಂಬರ್‌ನಿಂದ 1607ರ ಡಿಸೆಂಬರ್ ಒಳಗೆ. ಈ ಒಂದು ವರ್ಷದ ಕಿಂಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಉಯಿಲಿನ ಉಳಿದ ಭಾಗ ಓದುವಾಗ ನನಗೆ ಕಣ್ಣು ಒದ್ದೆಯಾಯಿತು. ಒಂದು ಮನೆಯ ಸಾಮಾನೆಲ್ಲ ಕಣ್ಣೆದುರು ಬರುತ್ತೆ. ದೊಡ್ಡ ಮಗ ಜಾನ್‌ಗೆ ಐದು ಪೌಂಡ್, ಒಂದು ಪುಸ್ತಕ, ಒಂದು ಜೊತೆ ಹಾಸಿಗೆ ಬಟ್ಟೆ. ಜೋಸೆಫ್‌ಗೆ ತೂಕದ ತಕ್ಕಡಿ. ಜಾಬೆಜ್‌ಗೆ ಗರಿ ತುಂಬಿದ ಹಾಸಿಗೆ, ದೊಡ್ಡ ಕಬ್ಬಿಣದ ಪಾತ್ರೆ. ಐಸಾಕ್‌ಗೆ ದೊಡ್ಡ ಹಿತ್ತಾಳೆ ಹಂಡೆ, ಅದು ಆಗಲೇ ಅವನ ಮನೆಯಲ್ಲಿತ್ತು. ಅಳಿಯನಿಗೆ ದೊಡ್ಡ ಬೈಬಲ್. ಕೊನೆಗಾಲದಲ್ಲಿ ನೋಡಿಕೊಂಡ ಲಿಡಿಯಾಗೆ ಎಲ್ಲಕ್ಕಿಂತ ಒಳ್ಳೆಯ ಹಾಸಿಗೆ, ಹಸಿರು ಕಂಬಳಿ, ಚಿಕ್ಕ ಹಂಡೆ, ಚಿಕ್ಕ ಬೈಬಲ್, ಎಲ್ಲಕ್ಕಿಂತ ನಯವಾದ ಹಾಸಿಗೆ ಬಟ್ಟೆ. ಮೊಮ್ಮಗಳು ಡೊರೊಥಿಗೆ ಒಳ್ಳೆಯ ಪೆಟ್ಟಿಗೆ, ಜೊತೆಗೆ ಚಳಿಯಲ್ಲಿ ಹಾಸಿಗೆ ಬೆಚ್ಚಗೆ ಮಾಡೋ ಕೆಂಡದ ಬಾಣಲೆ.

ಆದರೆ ಓದುವಾಗ ಒಂದು ಎಚ್ಚರ ಬೇಕು. ಈ ಉಯಿಲಿನಲ್ಲಿ ಹೆಣ್ಣುಮಕ್ಕಳಾದ ಡಿಸೈರ್, ಹೋಪ್ ಇಬ್ಬರ ಹೆಸರೂ ಇಲ್ಲ. ಹೊಸಬರು ಇದನ್ನು ನೋಡಿ "ಹಾಗಾದರೆ ಅವರು ಇವಳ ಮಕ್ಕಳಲ್ಲ" ಅಂತ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅವರಿಬ್ಬರೂ ಉಯಿಲಿಗೆ ಮೊದಲೇ ತೀರಿಕೊಂಡಿದ್ದರು, ಅಷ್ಟೇ. ಉಯಿಲು ಅನ್ನೋದು ಮಕ್ಕಳ ಪಟ್ಟಿ ಅಲ್ಲ, ಆಸ್ತಿ ಹಂಚಿದ ಕಾಗದ.

ಇನ್ನೊಂದು ತೊಡಕು ತಾರೀಕಿನದು. ಅವಳು ತೀರಿಕೊಂಡಿದ್ದು 1687ರ ಡಿಸೆಂಬರ್‌ನಲ್ಲಿ. ಉಯಿಲು ಕೋರ್ಟಿನಲ್ಲಿ ಒಪ್ಪಿಗೆಯಾಗಿದ್ದು ಜನವರಿ 10ರಂದು, ಅದೂ ಆಗಿನ ಲೆಕ್ಕದಲ್ಲಿ 1687ನೇ ಇಸವಿಯೇ! ಸತ್ತದ್ದು ಡಿಸೆಂಬರ್, ಉಯಿಲು ಒಪ್ಪಿದ್ದು ಅದೇ ವರ್ಷದ ಜನವರಿ ಅಂದರೆ ತಲೆ ತಿರುಗುತ್ತೆ ಅಲ್ವಾ? 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಆ ಹೊತ್ತಿಗೇ ಬರುವುದರಿಂದ ನಮಗೆ ಇದು ನೆನಪಿಟ್ಟುಕೊಳ್ಳೋದು ಸುಲಭ. ಡಿಸೆಂಬರ್ ಆದ ಮೇಲೆ ಬರುವ ಜನವರಿ, ಫೆಬ್ರವರಿ, ಮಾರ್ಚ್‌ನ ಮೊದಲ ಮೂರು ವಾರ ಇನ್ನೂ ಹಳೇ ವರ್ಷಕ್ಕೇ ಸೇರಿದವು. ಅದಕ್ಕೆ ವಂಶಾವಳಿ ಬರೆಯುವವರು 1687/8 ಅಂತ ಓರೆಗೆರೆ ಹಾಕಿ ಬರೆಯುತ್ತಾರೆ. ನೀವೂ ಹಾಗೇ ಬರೆಯಿರಿ. ಸುಮ್ನೆ ಒಂದು ವರ್ಷ ಕೂಡಿಸಿಯೋ ಕಳೆದೋ ಬರೆದರೆ, ಆಮೇಲೆ ಮೂಲದಲ್ಲಿ ಏನಿತ್ತು ಅಂತ ಯಾರಿಗೂ ತಿಳಿಯಲ್ಲ.

ಅವಳ ಮದುವೆಯ ದಾಖಲೆ ಉಳಿದಿಲ್ಲ. ಹಾಗಂತ ಕೈ ಚೆಲ್ಲಬೇಕಿಲ್ಲ. 1627ರ ಮೇ ತಿಂಗಳಲ್ಲಿ ಪ್ಲಿಮತ್‌ನವರು ಊರಿನ ದನ, ಮೇಕೆಗಳನ್ನು ಹಂಚಿಕೊಂಡರು. 13 ಜನರಂತೆ 12 ಗುಂಪು ಮಾಡಿ ಎಲ್ಲರ ಹೆಸರೂ ಬರೆದಿದ್ದಾರೆ, ಹೆಂಗಸರದ್ದು, ಮಕ್ಕಳದ್ದು ಸೇರಿ. ನಾಲ್ಕನೇ ಗುಂಪು ಜಾನ್ ಹೌಲೆಂಡ್‌ನದು: ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್, ಆಮೇಲೆ ಉಳಿದವರು. ಅವರ ಪಾಲಿಗೆ ಬಂದದ್ದು ಜೇಕಬ್ ಅನ್ನೋ ಹಡಗಿನಲ್ಲಿ ತಂದ ಒಂದು ಕಡಸು, ಅದರ ಹೆಸರು ರ‍್ಯಾಗ್‌ಹಾರ್ನ್. ನಾನೂರು ವರ್ಷದ ಹಿಂದಿನ ಕಡಸಿನ ಹೆಸರು ಉಳಿದಿದೆ ನೋಡಿ! ಮಗ ಜಾನ್ ಹುಟ್ಟಿದ್ದು 1626/7ರ ಫೆಬ್ರವರಿ, ಡಿಸೈರ್ ಅವನಿಗಿಂತ ದೊಡ್ಡವಳು. ಹಾಗಾಗಿ ಮದುವೆ 1625ಕ್ಕಿಂತ ಈಚೆಗೆ ಎಳೆಯೋಕೆ ಆಗಲ್ಲ. ಪಟ್ಟಿಯಲ್ಲಿ ಮಗನ ಹೆಸರು ಮೊದಲು ಬಂದಿರುವುದನ್ನು ನೋಡಿ ಅವನೇ ದೊಡ್ಡವನು ಅಂದುಕೊಳ್ಳಬೇಡಿ. ಗಂಡು ಮೊದಲು ಬರೆದಿದ್ದಾರೆ, ವಯಸ್ಸಿನ ಕ್ರಮದಲ್ಲಿ ಅಲ್ಲ.

ಈಗ ಸಮುದ್ರ ದಾಟೋಣ. ಇಂಗ್ಲೆಂಡಿನಲ್ಲಿ ಸರ್ಕಾರ ಜನನ ಮರಣ ನೋಂದಾಯಿಸೋಕೆ ಶುರು ಮಾಡಿದ್ದು 1837ರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಚರ್ಚಿನ ರಿಜಿಸ್ಟರ್‌ಗಳೇ ದಿಕ್ಕು, 1538ರಿಂದ ಪ್ರತಿ ಚರ್ಚೂ ಅವನ್ನು ಇಡಬೇಕಿತ್ತು. ಅವುಗಳಲ್ಲಿ ಇರುವುದು ಸಾಮಾನ್ಯವಾಗಿ ಹುಟ್ಟಿದ ದಿನ ಅಲ್ಲ, ದೀಕ್ಷಾಸ್ನಾನದ ದಿನ, ಅಂದರೆ ಮಗುವನ್ನು ಚರ್ಚಿಗೆ ಸೇರಿಸಿಕೊಂಡ ದಿನ. ಬೆಡ್‌ಫರ್ಡ್‌ಶೈರಿನ ಹೆನ್ಲೋ ಅನ್ನೋ ಊರಿನ ರಿಜಿಸ್ಟರ್‌ನಲ್ಲಿ 1607ರ ಆಗಸ್ಟ್ 30ರಂದು ಜಾನ್ ಟಿಲ್ಲಿಯ ಮಗಳು ಎಲಿಜಬೆತ್ ಅಂತ ಇದೆ. ಉಯಿಲಿನ ಲೆಕ್ಕದಲ್ಲಿ ಬಂದ ಕಿಂಡಿಯೊಳಗೆ ಸರಿಯಾಗಿ ಕೂರುತ್ತೆ.

ಇಷ್ಟಕ್ಕೇ ಖುಷಿಪಟ್ಟು ನಿಲ್ಲಬಾರದು. ಜಾನ್ ಟಿಲ್ಲಿ ಅನ್ನೋ ಹೆಸರಿನವರು ಇನ್ನೂ ಇದ್ದರು. ಹಾಲೆಂಡಿನ ಲೈಡನ್ ಊರಿನಲ್ಲಿ 1615ರಲ್ಲಿ ಮದುವೆಯಾದ ಅದೇ ಹೆಸರಿನ ಇನ್ನೊಬ್ಬನನ್ನು ಇವನೇ ಅಂದುಕೊಂಡು, ಎಲಿಜಬೆತ್‌ಗೆ ಬ್ರಿಜೆಟ್ ವಾನ್ ಡೆರ್ ವೆಲ್ಡೆ ಅನ್ನೋ ಡಚ್ ಅಮ್ಮನನ್ನು ಅಂಟಿಸಿದವರೂ ಇದ್ದಾರೆ. ಹಳೇ ಪುಸ್ತಕಗಳಲ್ಲಿ ಈ ಹೆಸರು ಈಗಲೂ ಸಿಗುತ್ತೆ. ಹಾಗಾದರೆ ಹೆನ್ಲೋದವನೇ ನಮ್ಮವನು ಅಂತ ಹೇಗೆ ಗೊತ್ತು?

ಒಬ್ಬನನ್ನಲ್ಲ, ಗುಂಪನ್ನು ಹುಡುಕಿದ್ದರಿಂದ. ಬ್ರಾಡ್‌ಫರ್ಡ್ ಪಟ್ಟಿಯಲ್ಲಿ ಎಲಿಜಬೆತ್‌ಳ ಚಿಕ್ಕಪ್ಪ ಎಡ್ವರ್ಡ್ ಟಿಲ್ಲಿ, ಹೆಂಡತಿ ಆನ್, ಅವರ ಜೊತೆ ಹೆನ್ರಿ ಸ್ಯಾಮ್ಸನ್, ಹ್ಯುಮಿಲಿಟಿ ಕೂಪರ್ ಅನ್ನೋ ಇಬ್ಬರು ಮಕ್ಕಳಿದ್ದಾರೆ. ಟಿಲ್ಲಿ, ಸ್ಯಾಮ್ಸನ್, ಕೂಪರ್ ಮೂರೂ ಮನೆತನ ಒಂದೇ ಊರಿನ ರಿಜಿಸ್ಟರ್‌ನಲ್ಲಿ ಇದ್ದರೆ ಅದು ಸುಮ್ನೆ ಕಾಕತಾಳೀಯ ಅಲ್ಲ. ಹೆನ್ಲೋದಲ್ಲಿ ಮೂರೂ ಇವೆ. ಎಡ್ವರ್ಡ್‌ನ ದೀಕ್ಷಾಸ್ನಾನ 1588ರಲ್ಲಿ, ಆಗ್ನೆಸ್ ಕೂಪರ್ ಜೊತೆ ಅವನ ಮದುವೆ 1614ರಲ್ಲಿ, ಹೆನ್ರಿ ಸ್ಯಾಮ್ಸನ್‌ನ ದೀಕ್ಷಾಸ್ನಾನ 1603/4ರಲ್ಲಿ. ಆನ್, ಆಗ್ನೆಸ್ ಬೇರೆ ಬೇರೆ ಅಂತ ಗಾಬರಿ ಬೇಡ, ಆ ಕಾಲದಲ್ಲಿ ಆಗ್ನೆಸ್ ಅನ್ನೋದನ್ನು ಆನಿಸ್ ಅಂತ ಹೇಳುತ್ತಿದ್ದರು, ಬರೆಯುವವರು ಎರಡನ್ನೂ ಕಲಸುತ್ತಿದ್ದರು. ಇದೆಲ್ಲ ಸೇರಿಸಿ ಬರೆದ ಲೇಖನ ಹೊರಬಂದಿದ್ದು 1976ರಲ್ಲಿ. ಅಪ್ಪನ ಹೆಸರು ಸರಿಯಾದ ಮೇಲೂ ತವರೂರು ಖಚಿತವಾಗೋಕೆ 120 ವರ್ಷ ಹಿಡಿಯಿತು.

ಆ ಇಬ್ಬರು ಮಕ್ಕಳನ್ನು ಬ್ರಾಡ್‌ಫರ್ಡ್ ಎಡ್ವರ್ಡ್ ದಂಪತಿಗಳ 'ಕಸಿನ್' ಅಂದಿದ್ದಾನೆ. ನಿಜವಾಗಿ ಇಬ್ಬರೂ ಆಗ್ನೆಸ್‌ಳ ಒಡಹುಟ್ಟಿದವರ ಮಕ್ಕಳು. ಚಿಕ್ಕಮ್ಮ, ಸೋದರತ್ತೆ, ದೊಡ್ಡಪ್ಪ ಅಂತ ಪ್ರತಿ ನಂಟಿಗೂ ಬೇರೆ ಹೆಸರಿಟ್ಟು ಬೆಳೆದ ನಮಗೆ ಇದು ವಿಚಿತ್ರ ಅನಿಸುತ್ತೆ. ಆಗಿನ ಇಂಗ್ಲಿಷಿನಲ್ಲಿ ಆ ಒಂದು ಪದದೊಳಗೆ ಅರ್ಧ ನೆಂಟರು ಸೇರುತ್ತಿದ್ದರು. ಹಳೇ ಕಾಗದದಲ್ಲಿ ನಂಟಿನ ಪದ ಕಂಡರೆ ಇವತ್ತಿನ ಅರ್ಥ ಹಾಕಬೇಡಿ.

ಒಂದು ಮಾತು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಪ್ಲಿಮತ್ ಎದ್ದು ನಿಂತದ್ದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟುಕ್ಸೆಟ್ ಅನ್ನೋ ಊರಿನ ಮೇಲೆ, ಕೆಲವೇ ವರ್ಷ ಮೊದಲು ರೋಗ ಬಂದು ಆ ಊರು ಖಾಲಿಯಾಗಿತ್ತು. ಎಲಿಜಬೆತ್ ಕೊನೆಗೆ ಇದ್ದ ಸ್ವಾನ್ಸೀಯಲ್ಲೇ 1675ರಲ್ಲಿ ವಾಂಪನೋಗರಿಗೂ ಇಂಗ್ಲಿಷರಿಗೂ ಯುದ್ಧ ಶುರುವಾಯಿತು. ಇಂಗ್ಲಿಷರ ಕಡಸಿನ ಹೆಸರು ಸಿಗುವ ಕಾಗದಗಳಲ್ಲಿ ಪಟುಕ್ಸೆಟ್‌ನ ತಾಯಂದಿರ ಹೆಸರು ಸಿಗಲ್ಲ. ವಂಶ ಹುಡುಕುವವರು ಇದನ್ನೂ ತಮ್ಮ ಹಾಳೆಯಲ್ಲಿ ಬರೆದುಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ.

ಎಲಿಜಬೆತ್ ಆಯಿತು, ಈಗ ಅವಳ ಅಮ್ಮ. ಹೆನ್ಲೋ ರಿಜಿಸ್ಟರ್ ಪ್ರಕಾರ ಜಾನ್ ಟಿಲ್ಲಿ 1596ರ ಸೆಪ್ಟೆಂಬರ್ 20ರಂದು ಮದುವೆಯಾದದ್ದು ಜೋನ್ ರೋಜರ್ಸ್‌ಳನ್ನು. ಇಲ್ಲೂ ಅದೇ ತೊಡಕು: ರೋಜರ್ಸ್ ಅವಳ ತವರಿನ ಹೆಸರಲ್ಲ. ಅವಳು ಥಾಮಸ್ ರೋಜರ್ಸ್ ಅನ್ನೋನ ವಿಧವೆ, ಒಂದು ಹೆಣ್ಣುಮಗುವಿನ ತಾಯಿ. ಮೇಫ್ಲವರ್‌ನಲ್ಲಿ ಬಂದ ಥಾಮಸ್ ರೋಜರ್ಸ್ ಬೇರೆಯವನು, ಕಲಸಿಕೊಳ್ಳಬೇಡಿ. ಮೊದಲ ಮದುವೆ 1593ರಲ್ಲಿ, ಆಗ ಅವಳು ಜೋನ್ ಹರ್ಸ್ಟ್. ಆ ಹೆಸರು ಹಿಡಿದು ಅದೇ ರಿಜಿಸ್ಟರ್‌ನ ಇನ್ನೂ ಹಳೇ ಹಾಳೆಗಳಿಗೆ ಹೋದರೆ ಅವಳ ದೀಕ್ಷಾಸ್ನಾನವೂ ಸಿಗುತ್ತೆ: ಮಾರ್ಚ್ 13, 1567/8. ಆ ಓರೆಗೆರೆ ಯಾಕೆ ಬಂತು ಅಂತ ಈಗ ನೀವೇ ಹೇಳಬಹುದು.