ಅಕ್ಕ ವಾದಿ, ತಮ್ಮ ಪ್ರತಿವಾದಿ: ವಾಟ್ನಿ ಕೇಸುಗಳ ಹಿಂದಿನ ಕತೆ

ಕಲಬುರಗಿ ಕೋರ್ಟಿನಲ್ಲಿ ವಾಟ್ನಿಗಾಗಿ, ಅಂದರೆ ಆಸ್ತಿಯ ಪಾಲಿಗಾಗಿ, ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತರೆ ನೋಡಿದವರು 'ಕಾಲ ಕೆಟ್ಟಿತು' ಅಂತಾರೆ. ನಾನು ಒಪ್ಪುವುದಿಲ್ಲ. ಈ ಜಗಳದಲ್ಲಿ ಅರ್ಧ ಕಾನೂನೇ ಹಚ್ಚಿದ್ದು.

1956ರಿಂದ ಶುರು ಮಾಡೋಣ. ಆ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಮಗಳೂ ವಾರಸುದಾರಳಾದಳು. ಆದರೆ ಲೆಕ್ಕ ನೋಡಿ. ಹಿರಿಯರಿಂದ ಬಂದ 12 ಎಕರೆ ತೊಗರಿ ಹೊಲ. ತಾಯಿ ಇಲ್ಲ, ತಂದೆ ತೀರಿಕೊಂಡರು, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ತಲಾ 4 ಎಕರೆ. ಉಳಿದ ತಂದೆಯ 4 ಎಕರೆಯಲ್ಲಿ ಮಾತ್ರ ಮೂವರಿಗೂ ಸಮಪಾಲು. ಮಗಳ ಕೈಗೆ ಬಂದದ್ದು ಸುಮಾರು 1 ಎಕರೆ 13 ಗುಂಟೆ! ಅಣ್ಣತಮ್ಮಂದಿರು ಪಾಲಾಗುವವರೆಗೆ ಇರುವ ಮನೆಯಲ್ಲಿ ಪಾಲು ಕೇಳುವ ಹಾಗೂ ಇರಲಿಲ್ಲ.

ಅದೇ 1956ರ ನವೆಂಬರ್ 1ಕ್ಕೆ ನಿಜಾಮರ ಕಾಲದ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್ ಇತ್ತ ಬಂತು, ಜಹೀರಾಬಾದ್ ಆಂಧ್ರಕ್ಕೆ ಹೋಯಿತು, ಉದಗೀರ್ ಮುಂಬೈ ರಾಜ್ಯಕ್ಕೆ ಸೇರಿತು. ಮುಂದೆ ಆಂಧ್ರ 1985ರಿಂದಲೇ ಲಗ್ನವಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಬೀದರಿನವರು 1994ರ ಜುಲೈ 30ರವರೆಗೆ ಕಾಯಬೇಕಾಯಿತು. ಗಡಿಯಾಚೆ ಹೊಲ ಇದ್ದವಳಿಗೆ ಪಾಲು, ಈಚೆ ಇದ್ದವಳಿಗೆ ಇಲ್ಲ. ಕರ್ನಾಟಕ ಕೊಟ್ಟಾಗಲೂ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಬಿಟ್ಟಿತು. ಅಕ್ಕನ ಲಗ್ನ 1993ರಲ್ಲಿ, ತಂಗಿಯದು 1995ರಲ್ಲಿ ಆಗಿದ್ದರೆ ತಂಗಿಗೆ ಮಾತ್ರ ಪಾಲು. ಒಂದೇ ಮನೆಯ ಅಕ್ಕತಂಗಿಯರ ನಡುವೆಯೇ ಗೆರೆ ಎಳೆದ ಹಾಗಾಯಿತು.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆ ಆಗಿರಲಿ ಬಿಡಲಿ, ಮಗಳೂ ಮಗನಷ್ಟೇ. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಆ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಬೆಳಗಾವಿ ಕಡೆಯ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ನಮ್ಮದೇ ರಾಜ್ಯದ ಇನ್ನೊಂದು ಕೇಸಿನಲ್ಲಿ, ತಂದೆ 2001ರಲ್ಲೇ ತೀರಿದ್ದರೂ ಮಗಳಿಗೆ ಪಾಲು ಕೊಟ್ಟಿತು. ವಕೀಲರು ತಮಗೆ ಬೇಕಾದ ತೀರ್ಪು ಹಿಡಿದು ವಾದಿಸಿದರು, ಕೇಸು ಎಳೆಯಿತು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲ ಬಿಡಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಬದುಕಿದ್ದರೋ ಇಲ್ಲವೋ ಮುಖ್ಯವಲ್ಲ. ಮೇಲಿನ ಹೊಲದಲ್ಲಿ ಈಗ ಮೂವರಿಗೂ ತಲಾ 4 ಎಕರೆ.

ಹಾಗಾದರೆ ತಮ್ಮ ಏನು ವಾದ ಮಾಡುತ್ತಾನೆ? 'ಅಪ್ಪ ಇದ್ದಾಗಲೇ ವಾಟ್ನಿ ಆಗಿದೆ' ಅಂತ. 2005ರ ತಿದ್ದುಪಡಿಯ ಪ್ರಕಾರ, 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆದ ವಾಟ್ನಿ ಇದ್ದರೆ ಅದು ಊರ್ಜಿತ. ಬರೀ ಬಾಯಿಮಾತಿನದನ್ನು ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ, ಗಟ್ಟಿ ಸರ್ಕಾರಿ ದಾಖಲೆ ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ವಾಟ್ನಿ ಆಗುತ್ತಿದ್ದದ್ದೇ ನಾಲ್ಕು ಹಿರಿಯರ ಮುಂದೆ, ಬಾಯಲ್ಲಿ.

ಅಕ್ಕನಿಗೆ ಹೊಲ ನೆನಪಾಗುವುದು ಹೆಚ್ಚಾಗಿ ತಮ್ಮನಿಂದಲೇ. ಹೊಲ ಮಾರಲು ಹೊರಟಾಗ, ಇಲ್ಲವೇ ರಸ್ತೆಗೋ ಕಾಲುವೆಗೋ ಹೋಗಿ ಪರಿಹಾರ ಬರುವಾಗ ಅವನು ಬರುತ್ತಾನೆ: 'ಅಕ್ಕಾ, ಸುಮ್ನೆ ಒಂದು ಸಹಿ.' ಅದು ಹಕ್ಕು ಬಿಡುಗಡೆ ಪತ್ರ. ಸಹಿ ಹಾಕಿದರೆ ಪಾಲು ಹೋಯಿತು, ಹಾಕದಿದ್ದರೆ ಪಂಚಮಿಗೆ ತವರಿನ ಕರೆ ನಿಲ್ಲುತ್ತದೆ. ತವರಿಗಾಗಿ ಎಷ್ಟೋ ಜನ ಹಾಕಿಬಿಟ್ಟಿದ್ದಾರೆ. ಅದನ್ನು ಪ್ರೀತಿ ಅಂತ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗಿನ ಹೊಸ ಜಗಳ ಮರಣಪತ್ರದ್ದು, ಅಂದರೆ ವಿಲ್‌ನದು. ಬದುಕಿರುವ ತಂದೆ ಪೂರ್ತಿ 12 ಎಕರೆಯನ್ನೂ ಗಂಡುಮಕ್ಕಳಿಗೆ ಬರೆದಿಟ್ಟರೂ, ಹಿರಿಯರ ಆಸ್ತಿಯಾದರೆ ತಂದೆ ಮತ್ತು ಮೂವರು ಮಕ್ಕಳು ಸೇರಿ ನಾಲ್ಕು ಪಾಲು, ಮರಣಪತ್ರ ನಡೆಯುವುದು ತಂದೆಯ ಪಾಲಿನ 3 ಎಕರೆಗೆ ಮಾತ್ರ. ಮಗಳ 3 ಎಕರೆ ಅವಳದೇ. ಅದಕ್ಕೇ 'ಇದು ಹಿರಿಯರದ್ದಲ್ಲ, ಅಪ್ಪನ ಸ್ವಂತ ಗಳಿಕೆ' ಎಂಬ ವಾದ ಈಗ ಜಾಸ್ತಿ. ಆಗ ಹಳೇ ಪಹಣಿ ತೆಗೆಸಬೇಕು. ಇನ್ನೂ ಹಿಂದಕ್ಕೆ ಹೋದರೆ ನಿಜಾಮರ ಕಾಲದ ಉರ್ದು ಕಾಗದ, ಅದನ್ನು ಓದಿ ಹೇಳುವವರನ್ನು ಹುಡುಕಬೇಕು.