ನೋಡ್: ಅಕ್ಷರದ ಬಾಗನ್ನು ಹಿಡಿದಿಡುವ ಬಿಂದು

ಕಂಪ್ಯೂಟರಿನಲ್ಲಿ ಅಕ್ಷರ, ಚಿತ್ರ ಬರೆಯುವ ಕೋರೆಲ್‌ಡ್ರಾ ಅಥವಾ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಪೆನ್ ಟೂಲ್ ಹಿಡಿದು ಕ್ಲಿಕ್ ಮಾಡಿದಲ್ಲಿ ಮೂಡುವ ಚುಕ್ಕೆಯೇ ನೋಡ್. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಇಲ್ಲಸ್ಟ್ರೇಟರ್ ಬಳಸುವವರು ಇದನ್ನೇ ಆಂಕರ್ ಪಾಯಿಂಟ್ ಅನ್ನುತ್ತಾರೆ. ನೋಡ್‌ಗಳನ್ನು ಕೂಡಿಸಿದ ಗೆರೆ ಪಾತ್. ಕ್ಲಿಕ್ ಮಾಡಿ ಎಳೆದರೆ ನೋಡ್‌ನಿಂದ ಹ್ಯಾಂಡಲ್ ಎಂಬ ಹಿಡಿಗೆರೆ ಹೊರಡುತ್ತದೆ. ಗೆರೆ ಯಾವ ಕಡೆ ಹೊರಡಬೇಕು ಎಂಬುದು ಹ್ಯಾಂಡಲ್‌ನ ದಿಕ್ಕಿನಲ್ಲಿದೆ, ಎಷ್ಟು ತುಂಬಿಕೊಂಡು ಬಾಗಬೇಕು ಎಂಬುದು ಅದರ ಉದ್ದದಲ್ಲಿದೆ. ಫೈಲಿನಲ್ಲಿ ಉಳಿಯುವುದು ನೋಡ್, ಹ್ಯಾಂಡಲ್‌ಗಳು ಎಲ್ಲಿವೆ ಎಂಬ ಅಂಕಿಗಳೇ ಆದ್ದರಿಂದ ವಿಸಿಟಿಂಗ್ ಕಾರ್ಡಿಗೆ ಬರೆದ ಅಕ್ಷರವನ್ನು ಹತ್ತು ಅಡಿ ಬೋರ್ಡಿಗೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಈ ಲೆಕ್ಕ ಬೆಳೆದದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ: 1959ರಲ್ಲಿ ಸಿಟ್ರೊಯೆನ್‌ನ ಕಾಸ್ಟೆಲ್ಜೊ, 1960ರ ದಶಕದಲ್ಲಿ ರೆನೋದ ಬೆಜಿಯೆ.

ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ‘ಧಾರವಾಡ ಪೇಢಾ’ ಎಂಬ ಬೋರ್ಡ್ ಬರೆಯಬೇಕು ಅಂದುಕೊಳ್ಳಿ. ಪೆನ್ಸಿಲ್ ಸ್ಕೆಚ್ಚನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿ, ಕೆಳಗಿನ ಲೇಯರ್‌ನಲ್ಲಿ ಮಸುಕಾಗಿಸಿ ಲಾಕ್ ಮಾಡಿ. ಮೊದಲು ‘ರ’ ತೆಗೆದುಕೊಳ್ಳಿ. ತಲೆಕಟ್ಟು ಬಿಟ್ಟರೆ ಅದು ಸರಿಸುಮಾರು ಒಂದು ಉಂಗುರ. ಹೊರಗೆರೆಗೆ ನಾಲ್ಕು ನೋಡ್ ಸಾಕು: ಮೇಲಿನ, ಕೆಳಗಿನ, ಎಡದ, ಬಲದ ತುತ್ತತುದಿಗಳಲ್ಲಿ. ಒಳಗೆರೆಗೂ ನಾಲ್ಕು. ಮೇಲೆ-ಕೆಳಗಿನ ನೋಡ್‌ಗಳ ಹ್ಯಾಂಡಲ್ ಅಡ್ಡಡ್ಡ, ಎಡ-ಬಲದವು ನೆಟ್ಟಗೆ ಇರಬೇಕು. ಕೋರೆಲ್, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಒತ್ತಿ ಎಳೆದರೆ, ಇಲ್ಲಸ್ಟ್ರೇಟರ್‌ನಲ್ಲಿ ಶಿಫ್ಟ್ ಒತ್ತಿ ಎಳೆದರೆ ದಿಕ್ಕು ಅಲುಗುವುದಿಲ್ಲ. ಪೂರ್ಣ ವೃತ್ತಕ್ಕೆ ಹ್ಯಾಂಡಲ್‌ನ ಉದ್ದ ತ್ರಿಜ್ಯದ 0.55ರಷ್ಟು, ತ್ರಿಜ್ಯ 40 ಮಿಮೀ ಇದ್ದರೆ ಹ್ಯಾಂಡಲ್ 22 ಮಿಮೀ. ಇದಕ್ಕಿಂತ ಉದ್ದವಾದರೆ ‘ರ’ ಚೌಕದ ಕಡೆ ಉಬ್ಬುತ್ತದೆ, ಗಿಡ್ಡವಾದರೆ ವಜ್ರದಂತೆ ಮೂಲೆ ಮೂಡುತ್ತದೆ. ಹೊರಗೆರೆ, ಒಳಗೆರೆ ಎರಡನ್ನೂ ಕಂಬೈನ್ ಮಾಡುವುದನ್ನು, ಅಂದರೆ ಒಂದೇ ಆಕಾರವಾಗಿ ಕೂಡಿಸುವುದನ್ನು ಮರೆತರೆ ಒಳಗಿನ ತೂತು ಕಾಣುವುದೇ ಇಲ್ಲ.

ಬಾಗು ಸರಿಬರಲಿಲ್ಲ ಎಂದು ನಡುವೆ ಇನ್ನೊಂದು ನೋಡ್ ಹಾಕುವುದೇ ಹೆಚ್ಚಿನವರ ಚಾಳಿ. ಪ್ರತಿ ಹೊಸ ನೋಡ್‌ನಲ್ಲೂ ಬಾಗಿನ ವೇಗ ಬದಲಾಗಿ ಅಂಚು ಕುಂಟುತ್ತದೆ. ಸ್ಕ್ಯಾನನ್ನು ತಂತ್ರಾಂಶವೇ ಪಾತ್ ಮಾಡಿಕೊಡುವ ಆಟೋ ಟ್ರೇಸ್‌ನ ತೊಂದರೆಯೂ ಇದೇ: ಸ್ಕ್ಯಾನಿನ ಪೆನ್ಸಿಲ್ ನಡುಕವನ್ನೆಲ್ಲ ಅದು ನೋಡ್ ಮಾಡಿಬಿಡುತ್ತದೆ. ಕನ್ನಡಕ್ಕಂತೂ ಇದು ಹೆಚ್ಚು ಕಾಡುತ್ತದೆ, ನಮ್ಮ ಅಕ್ಷರಗಳ ಚೆಲುವೆಲ್ಲ ಬಾಗಿನಲ್ಲೇ ಇದೆ. ಹಾಗಾಗಿ ನೋಡ್ ಸೇರಿಸುವ ಮೊದಲು ಇದ್ದ ಹ್ಯಾಂಡಲ್‌ಗಳನ್ನೇ ಹಿಗ್ಗಿಸಿ, ಕುಗ್ಗಿಸಿ ನೋಡಿ.

ಬಾಗು ಸರಾಗವಾಗಿ ದಾಟುವಲ್ಲಿ ಎರಡೂ ಹ್ಯಾಂಡಲ್ ಒಂದೇ ನೇರದಲ್ಲಿರುವ ಸ್ಮೂತ್ ನೋಡ್ ಹಾಕಿ, ತಲೆಕಟ್ಟು ಮೈಗೆ ಸೇರುವ ಮೂಲೆಯಲ್ಲಿ ಹ್ಯಾಂಡಲ್‌ಗಳು ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲ ಕಸ್ಪ್ ನೋಡ್ ಹಾಕಿ. ಅಲ್ಲಿ ಸ್ಮೂತ್ ಉಳಿದರೆ ಸಂದಿನಲ್ಲಿ ಗಂಟು ಕಟ್ಟಿದಂತೆ ಉಬ್ಬು ಬರುತ್ತದೆ.

ಈ ಬೋರ್ಡಿನಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ‘ಧ’ ಮತ್ತು ‘ಢ’ದ ಹೊಟ್ಟೆ ಸೀಳು. ಅಕ್ಷರವನ್ನು ದಪ್ಪ ಮಾಡಲು ಪಾತನ್ನು ಸುತ್ತಲೂ ಔಟ್‌ಸೆಟ್ ಮಾಡಿದರೆ, ಅಂದರೆ ಹೊರಕ್ಕೆ ಹಿಗ್ಗಿಸಿದರೆ, ಸೀಳಿನ ಅಕ್ಕಪಕ್ಕದ ಬಿಳಿ ಜಾಗ ಮುಚ್ಚಿಹೋಗಿ, ದೂರದಿಂದ ‘ದಾರವಾಡ ಪೇಡಾ’ ಎಂದು ಕಾಣುತ್ತದೆ. ದಪ್ಪ ಮಾಡಿದ ಮೇಲೆ ಅಲ್ಲಿನ ನೋಡ್‌ಗಳನ್ನು ಕೈಯಿಂದಲೇ ಹಿಂದೆ ಸರಿಸಿ, ಸೀಳುಗೆರೆಯನ್ನು ಮೈಗೆರೆಗಿಂತ ತೆಳ್ಳಗೆ, ಸ್ವಲ್ಪ ಕೆಳಕ್ಕೆ ಇಳಿಬಿಡಿ. ಆದರೆ ವಿನೈಲ್ ಎಂಬ ಅಂಟುಹಾಳೆಯಲ್ಲಿ ಕತ್ತರಿಸುವುದಾದರೆ ತೀರ ತೆಳ್ಳಗಾಗಬಾರದು, ಬೇಡದ ವಿನೈಲ್ ಕೀಳುವಾಗ ಸೀಳೂ ಕಿತ್ತು ಬರುತ್ತದೆ.

ವಿನೈಲ್ ಕತ್ತರಿಸುವ ಯಂತ್ರವಾದ ಕಟ್ಟರ್ ಪ್ಲಾಟರ್‌ಗೆ ಕಳಿಸುವ ಮುನ್ನ ಔಟ್‌ಲೈನ್ ದಪ್ಪವನ್ನು ಪಾತ್ ಆಗಿ ಬದಲಿಸಿ: ಕೋರೆಲ್‌ನಲ್ಲಿ ಕಂಟ್ರೋಲ್ ಶಿಫ್ಟ್ ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಆಲ್ಟ್ ಸಿ. ಬದಲಿಸದಿದ್ದರೆ ಅಲಗು ಗೆರೆಯ ನಡುವೆ ಒಂದೇ ಸಲ ಓಡುತ್ತದೆ. ಬೇರೆಯಾಗಿ ಬರೆದ ತಲೆಕಟ್ಟು, ಒತ್ತು, ಕೊಂಬುಗಳನ್ನು ಮೈಗೆ ವೆಲ್ಡ್ ಮಾಡಿ, ಅಂದರೆ ಬೆಸೆದು ಒಂದೇ ಹೊರಗೆರೆ ಮಾಡಿ. ಆಮೇಲೆ ಬಣ್ಣವಿಲ್ಲದೆ ಬರೀ ಗೆರೆ ತೋರಿಸುವ ವೈರ್‌ಫ್ರೇಮ್ ನೋಟಕ್ಕೆ ಹೋಗಿ. ಅಲ್ಲಿ ಅಕ್ಷರದೊಳಗೆ ಅಡ್ಡಗೆರೆ ಕಂಡರೆ ವೆಲ್ಡ್ ಆಗಿಲ್ಲ, ಅಲಗು ಅದನ್ನೂ ಕತ್ತರಿಸುತ್ತದೆ.